ಅನಿಮೆಯ ಹಾಸ್ಯ ಮತ್ತು ಗತಿಯ ಮೇಲೆ ಪ್ರಸಾರ ನಿಯಂತ್ರಣದ ಪರಿಣಾಮ

ಜಪಾನಿನಲ್ಲಿ ತಯಾರಾಗುವ ಆ್ಯನಿಮೇಶನ್ ಧಾರಾವಾಹಿಗಳಿಗೂ ಚಲನಚಿತ್ರಗಳಿಗೂ ಅನಿಮೆ ಎಂಬ ಹೆಸರು ರೂಢಿಯಲ್ಲಿದೆ. ಇವು ಕಿರುತೆರೆಯಲ್ಲಿ ಪ್ರಸಾರವಾಗುವಾಗ ಸರ್ಕಾರದ ಆದೇಶ, ವಾಹಿನಿಗಳ ಸ್ವಯಂ ನಿಯಂತ್ರಣ, ಪಾಲಕರ ಆಕ್ಷೇಪಣೆ ಮುಂತಾದ ಕಾರಣಗಳಿಂದ ದೃಶ್ಯಗಳನ್ನು ಕತ್ತರಿಸುವುದು, ಮಾತುಗಳನ್ನು ಬದಲಿಸುವುದು, ಚಿತ್ರದ ಕೆಲವು ಭಾಗಗಳನ್ನು ಮರೆಮಾಡುವುದು ನಡೆದುಬಂದಿದೆ. ಇಂತಹ ಪರಿಷ್ಕರಣೆಯು ಕಥಾವಸ್ತುವಿಗಿಂತ ಹೆಚ್ಚಾಗಿ ಹಾಸ್ಯವನ್ನೂ ಕಥನದ ಗತಿಯನ್ನೂ ಬಾಧಿಸುತ್ತದೆ. ಹೊಡೆದಾಟದ ದೃಶ್ಯದಿಂದ ರಕ್ತವನ್ನು ಅಳಿಸಿದರೂ ಗೆದ್ದವರು ಯಾರೆಂಬುದು ತಿಳಿಯುತ್ತದೆ. ನಗೆಯ ಸನ್ನಿವೇಶದಿಂದ ಎರಡು ಕ್ಷಣಗಳನ್ನು ತೆಗೆದರೆ ನಗೆಯೇ ಹುಟ್ಟದಿರಬಹುದು. ಭಾರತದಲ್ಲಿ ಇದರ ಅತ್ಯಂತ ಪರಿಚಿತ ಉದಾಹರಣೆ 2008ರಲ್ಲಿ ಪ್ರಸಾರ ನಿಂತು 2009ರಲ್ಲಿ ಪರಿಷ್ಕೃತ ರೂಪದಲ್ಲಿ ಮರಳಿದ ‘ಶಿನ್-ಚಾನ್’ ಧಾರಾವಾಹಿ. ಕರ್ನಾಟಕದ ಮಕ್ಕಳು ಇದನ್ನು ಕನ್ನಡದಲ್ಲಲ್ಲದೆ ಅನ್ಯಭಾಷೆಗಳಲ್ಲಿ ನೋಡಬೇಕಾಗಿ ಬಂದುದರಿಂದ ಇಲ್ಲಿನ ಪರಿಣಾಮಕ್ಕೆ ಬೇರೊಂದು ಆಯಾಮವೂ ಸೇರಿತು.

ಹಾಸ್ಯಕ್ಕೂ ಗತಿಗೂ ಇರುವ ಸಂಬಂಧ

ಗತಿ ಎಂದರೆ ಕಥೆ ಎಷ್ಟು ವೇಗವಾಗಿ ಓಡುತ್ತದೆ ಎಂಬುದಷ್ಟೇ ಅಲ್ಲ. ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬ ಹಂಚಿಕೆಯೂ ಹೌದು. ಜಪಾನೀ ಕಲೆಗಳಲ್ಲಿ ಎರಡು ಕ್ರಿಯೆಗಳ ನಡುವಣ ಬಿಡುವಿಗೆ ‘ಮಾ’ ಎಂಬ ಹೆಸರಿದೆ. ಅಲ್ಲಿನ ಜನಪ್ರಿಯ ಜೋಡಿ ಹಾಸ್ಯವಾದ ‘ಮಾನ್‌ಜಾಯ್’ನಲ್ಲಿ ಒಬ್ಬನು ಅಸಂಬದ್ಧವಾಗಿ ಮಾತನಾಡುತ್ತಾನೆ, ಅವನನ್ನು ‘ಬೊಕೆ’ ಎನ್ನುತ್ತಾರೆ. ಇನ್ನೊಬ್ಬನು, ಅಂದರೆ ‘ತ್ಸುಕ್ಕೊಮಿ’, ಅದನ್ನು ಒಡನೆಯೇ ಹಿಡಿದು ತಿದ್ದುತ್ತಾನೆ, ಕೆಲವೊಮ್ಮೆ ತಲೆಗೆ ಮೆಲ್ಲನೆ ಏಟನ್ನೂ ಕೊಡುತ್ತಾನೆ. ಅನಿಮೆಯ ಹಾಸ್ಯ ಬಹುಪಾಲು ಈ ಮಾದರಿಯನ್ನೇ ಅನುಸರಿಸುತ್ತದೆ.

ಉತ್ತರ ಕನ್ನಡದ ಓದುಗರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತರು ಕೇಳಿದ್ದಕ್ಕೆ ಹಾಸ್ಯಗಾರನು ಓರೆಯಾದ ಉತ್ತರ ಕೊಡುತ್ತಾನೆ. ಭಾಗವತರು ಅವನನ್ನು ದಾರಿಗೆ ತರಲು ಯತ್ನಿಸುತ್ತಾರೆ. ಅವನು ಮತ್ತೆ ದಾರಿ ತಪ್ಪುತ್ತಾನೆ. ನಗೆ ಇರುವುದು ಉತ್ತರದಲ್ಲಿ ಮಾತ್ರವಲ್ಲ, ಪ್ರಶ್ನೆಗೂ ಉತ್ತರಕ್ಕೂ ನಡುವೆ ಹಾಸ್ಯಗಾರನು ಸಭೆಯತ್ತ ನೋಡುವ ಆ ಒಂದು ಗಳಿಗೆಯ ಮೌನದಲ್ಲಿ. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಕಾಲಮಿತಿಯ ಪ್ರದರ್ಶನಕ್ಕೆ ಇಳಿಸುವಾಗ ಪದ್ಯಗಳು ಹೇಗೋ ಉಳಿದುಕೊಳ್ಳುತ್ತವೆ, ಕುಗ್ಗುವುದು ಆ ಮೌನ.

ಅನಿಮೆಯಲ್ಲಿ ಮೌನಕ್ಕೆ ಆರ್ಥಿಕ ಕಾರಣವೂ ಇದೆ. 1963ರ ಜನವರಿ 1ರಂದು ಪ್ರಸಾರ ಆರಂಭಿಸಿದ ಒಸಾಮು ತೆಜುಕಾ ಅವರ ‘ತೆತ್ಸುವಾನ್ ಆಟಮು’ (ಹೊರದೇಶಗಳಲ್ಲಿ ‘ಆಸ್ಟ್ರೋ ಬಾಯ್’) ಧಾರಾವಾಹಿಯು ವಾರಕ್ಕೊಂದು ಕಂತನ್ನು ಕಡಿಮೆ ಖರ್ಚಿನಲ್ಲಿ ಸಿದ್ಧಪಡಿಸಲು ಚಿತ್ರಗಳ ಸಂಖ್ಯೆಯನ್ನು ಕಡಿತಗೊಳಿಸಿತು. ಒಂದು ಸೆಕೆಂಡಿಗೆ 24 ಚೌಕಟ್ಟುಗಳಿರುವಲ್ಲಿ ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿದರೆ ಎಂಟು ಚಿತ್ರಗಳು ಸಾಕು. ನಿಶ್ಚಲ ಮುಖ, ಬರಿಯ ಆಕಾಶ, ಖಾಲಿ ಬೀದಿ ಇವುಗಳ ಮೇಲೆ ಕ್ಯಾಮೆರಾ ನಿಲ್ಲುವ ಪದ್ಧತಿ ಹೀಗೆ ಬೆಳೆಯಿತು. ಬಡತನದಿಂದ ಬಂದ ಈ ಪದ್ಧತಿಯನ್ನು ಹಾಸ್ಯ ನಿರ್ದೇಶಕರು ಬಂಡವಾಳ ಮಾಡಿಕೊಂಡರು. ಒಬ್ಬನು ಮೂರ್ಖತನದ ಮಾತನ್ನಾಡಿದ ಮೇಲೆ ಎಲ್ಲರೂ ಕಲ್ಲಿನಂತೆ ನಿಂತು, ಹಿನ್ನೆಲೆಯಲ್ಲಿ ಕಾಗೆಯೊಂದು ಕೂಗುತ್ತ ಹಾರಿಹೋಗುವ ದೃಶ್ಯ ಅನಿಮೆಯ ನೋಡುಗರಿಗೆಲ್ಲ ಪರಿಚಿತ. ಪರಿಷ್ಕರಿಸುವವರ ಕಣ್ಣಿಗೆ ಇಂತಹ ದೃಶ್ಯ ‘ಏನೂ ನಡೆಯದ’ ಸಮಯವಾಗಿ ಕಾಣುವುದರಿಂದ, ಅವಧಿ ಉಳಿಸಬೇಕಾದಾಗ ಕತ್ತರಿ ಮೊದಲು ಬೀಳುವುದೂ ಇಲ್ಲಿಯೇ.

ಅವಧಿಯ ಲೆಕ್ಕವನ್ನು ಇಲ್ಲಿಯೇ ಹೇಳಬಹುದು. ಜಾಹೀರಾತು ಸೇರಿ ಅರ್ಧ ಗಂಟೆಯ ಕಂತಿನಲ್ಲಿ ಕಾರ್ಯಕ್ರಮಕ್ಕೆ ಸಿಗುವುದು ಸುಮಾರು 24 ನಿಮಿಷ. ಆರಂಭದ ಮತ್ತು ಕೊನೆಯ ಹಾಡುಗಳಿಗೆ ಸಾಮಾನ್ಯವಾಗಿ ತಲಾ 90 ಸೆಕೆಂಡುಗಳು ಹೋಗುತ್ತವೆ. ಮಕ್ಕಳ ಹಾಸ್ಯ ಧಾರಾವಾಹಿಗಳಲ್ಲಿ ಉಳಿದ ಕಾಲವನ್ನು ಎರಡು ಅಥವಾ ಮೂರು ಕಿರುಕಥೆಗಳಿಗೆ ಹಂಚುತ್ತಾರೆ. ಏಳು ನಿಮಿಷದ ಕಥೆಯೊಂದರಲ್ಲಿ 420 ಸೆಕೆಂಡುಗಳಿವೆ. ಅದರಿಂದ ಅರ್ಧ ನಿಮಿಷ ತೆಗೆದರೆ ಹದಿನಾಲ್ಕನೆಯ ಒಂದು ಪಾಲು ಹೋದಂತೆ. ತೆಗೆದ ಭಾಗ ಕೊನೆಯ ತಿರುವಾಗಿದ್ದರೆ ಉಳಿದ ಹದಿಮೂರು ಪಾಲು ನಡೆದದ್ದು ಯಾತಕ್ಕೆ ಎಂಬುದೇ ನೋಡುಗನಿಗೆ ತಿಳಿಯದು.

ಜಪಾನಿನಲ್ಲಿ

ಜಪಾನಿನ ಸಂವಿಧಾನದ 21ನೆಯ ವಿಧಿಯು ಸೆನ್ಸಾರ್ ವ್ಯವಸ್ಥೆಯನ್ನು ನಿಷೇಧಿಸುತ್ತದೆ. ಆದ್ದರಿಂದ ಪ್ರಸಾರಕ್ಕೆ ಮುನ್ನ ಕಂತುಗಳನ್ನು ಪರಿಶೀಲಿಸುವ ಸರ್ಕಾರಿ ಮಂಡಳಿ ಅಲ್ಲಿಲ್ಲ. 1950ರ ಪ್ರಸಾರ ಕಾಯ್ದೆಯ ಚೌಕಟ್ಟಿನೊಳಗೆ ವಾಹಿನಿಗಳೇ ತಮ್ಮ ನಿಯಮಗಳನ್ನು ರೂಪಿಸಿಕೊಂಡಿವೆ. ವೀಕ್ಷಕರ ದೂರುಗಳನ್ನು ಗಮನಿಸಲು 2003ರಲ್ಲಿ ಬಿಪಿಒ ಎಂಬ ಸ್ವತಂತ್ರ ಸಂಸ್ಥೆ ಸ್ಥಾಪನೆಯಾಯಿತು. ಸ್ವಯಂ ನಿಯಂತ್ರಣವು ಕಾನೂನಿಗಿಂತ ಸಡಿಲವೆಂದು ಭಾವಿಸಲಾಗದು; ಬಿಗಿಯು ವಾಹಿನಿಯಿಂದ ವಾಹಿನಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಬಿಗಿ ಹೆಚ್ಚಿಸಿದ ಒಂದು ಪ್ರಮುಖ ಘಟನೆ 1997ರ ಡಿಸೆಂಬರ್ 16ರಂದು ನಡೆಯಿತು. ಅಂದು ಪ್ರಸಾರವಾದ ‘ಪೋಕೆಮಾನ್’ ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಅತಿ ವೇಗವಾಗಿ ಮಿನುಗಿದುದರಿಂದ ನೂರಾರು ಮಕ್ಕಳು ಅಸ್ವಸ್ಥರಾಗಿ ಆಸ್ಪತ್ರೆಗೆ ಸೇರಬೇಕಾಯಿತು. ಧಾರಾವಾಹಿ ನಾಲ್ಕು ತಿಂಗಳು ನಿಂತು 1998ರ ಏಪ್ರಿಲ್‌ನಲ್ಲಿ ಮರಳಿತು. ಬೆಳಕಿನ ಮಿನುಗುವಿಕೆಗೆ ಮಿತಿ ಹಾಕುವ ಮಾರ್ಗಸೂಚಿಗಳು ಆಗ ಬಂದವು. ಇದು ಆರೋಗ್ಯದ ಪ್ರಶ್ನೆಯಾದ್ದರಿಂದ ಆಕ್ಷೇಪಕ್ಕೆ ಎಡೆಯಿಲ್ಲ. ಆದರೂ ವೇಗದ ದೃಶ್ಯಗಳನ್ನು ಪ್ರಸಾರದಲ್ಲಿ ಮಬ್ಬಾಗಿಸುವ, ಮಿಂಚುಗಳನ್ನು ನಿಧಾನಗೊಳಿಸುವ ರೂಢಿ ಗತಿಯ ಮೇಲೆ ನೇರ ಪರಿಣಾಮ ಬೀರಿತು. ಹೊಡೆತದ ಕ್ಷಣವೇ ಮಸುಕಾದರೆ, ಅದು ಹಾಸ್ಯದ ಹೊಡೆತವಾಗಿದ್ದರೂ ಸರಿಯೆ, ನೋಡುಗನಿಗೆ ತಟ್ಟುವುದಿಲ್ಲ.

ಅದೇ 1998ರಲ್ಲಿ ‘ಕೌಬಾಯ್ ಬೀಬಾಪ್’ ಎಂಬ ಧಾರಾವಾಹಿಯ 26 ಕಂತುಗಳ ಪೈಕಿ ಅರ್ಧಕ್ಕೂ ಕಡಿಮೆ ಕಂತುಗಳನ್ನು ಮಾತ್ರ ಟಿವಿ ಟೋಕಿಯೊ ಪ್ರಸಾರ ಮಾಡಿತು. ನಡುನಡುವೆ ಕಂತುಗಳು ಬಿಟ್ಟುಹೋದುದರಿಂದ ಪಾತ್ರಗಳು ಪರಿಚಯವಿಲ್ಲದೆ ಬಂದು ಸೇರಿದಂತಾಯಿತು. ತಯಾರಕರು ಕೊನೆಗೆ ಹಳೆಯ ದೃಶ್ಯಗಳನ್ನೇ ಪೋಣಿಸಿ, ಪಾತ್ರಗಳ ಬಾಯಲ್ಲಿ ಬಿಚ್ಚುಮಾತುಗಳನ್ನಾಡಿಸಿ, ಒಂದು ವಿಶೇಷ ಕಂತನ್ನು ಕೊಟ್ಟು ತಮ್ಮ ಅಸಮಾಧಾನ ತೋಡಿಕೊಂಡರು. ಪೂರ್ಣ ಧಾರಾವಾಹಿಯು ಆ ವರ್ಷದ ಅಕ್ಟೋಬರ್‌ನಿಂದ ಚಂದಾ ವಾಹಿನಿಯಾದ ವಾವ್‌ವಾವ್‌ನಲ್ಲಿ ಬಂದಿತು.

ನಿಯಂತ್ರಣವನ್ನೇ ಹಾಸ್ಯದ ವಸ್ತುವಾಗಿಸಿಕೊಂಡವರೂ ಇದ್ದಾರೆ. ಶಿನಿಚಿ ವತಾನಬೆ ನಿರ್ದೇಶಿಸಿದ ‘ಎಕ್ಸೆಲ್ ಸಾಗಾ’ (1999–2000) ಧಾರಾವಾಹಿಯ 26ನೆಯ ಕಂತನ್ನು ಕಿರುತೆರೆಯಲ್ಲಿ ತೋರಿಸಲಾಗದಂತೆ ಉದ್ದೇಶಪೂರ್ವಕವಾಗಿಯೇ ತಯಾರಿಸಲಾಯಿತು. ಅಶ್ಲೀಲತೆ, ಹಿಂಸೆಗಳ ಮಿತಿಯನ್ನಷ್ಟೇ ಅಲ್ಲ, ಪ್ರಸಾರಕ್ಕೆ ನಿಗದಿಯಾದ ಅವಧಿಯನ್ನೂ ಅದು ಮೀರಿತ್ತು. ಪ್ರಸಾರದ ಬೇಲಿ ಎರಡು ಕಡೆ ಇದೆ, ಒಂದು ಸಭ್ಯತೆಯದು ಮತ್ತೊಂದು ಗಡಿಯಾರದ್ದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಕಂತು ಇಲ್ಲವೆನ್ನಬಹುದು. ‘ಗಿನ್ತಾಮಾ’ ಧಾರಾವಾಹಿಯು ‘ಪೀ’ ಎಂಬ ಸದ್ದನ್ನೂ ಚಿತ್ರವನ್ನು ಮಸುಕಾಗಿಸುವ ಚೌಕಳಿಯನ್ನೂ ಬೇಕೆಂದೇ ಬಳಸಿ, ಮುಚ್ಚಿದ್ದರಿಂದಲೇ ನಗೆ ಬರುವಂತೆ ಮಾಡಿತು. ಮುಚ್ಚಿದ ಮಾತು ಏನಿರಬಹುದೆಂದು ನೋಡುಗನು ಊಹಿಸಿಕೊಳ್ಳುವುದು ಮಾತನ್ನು ಕೇಳುವುದಕ್ಕಿಂತ ಹೆಚ್ಚು ನಗೆ ತರಿಸಬಲ್ಲದು. ಆದರೆ ಸದ್ದನ್ನು ಎಲ್ಲಿ ಹಾಕಬೇಕೆಂದು ಇಲ್ಲಿ ತೀರ್ಮಾನಿಸಿದವನು ನಿರ್ದೇಶಕ, ಹೊರಗಿನವನಲ್ಲ ಎಂಬುದನ್ನು ಮರೆಯಬಾರದು.

2015ರಲ್ಲಿ ಬಂದ ‘ಒಸೊಮಾತ್ಸು-ಸಾನ್’ನ ಮೊದಲ ಕಂತು ಇತರ ಜನಪ್ರಿಯ ಕೃತಿಗಳ ಅಣಕಗಳಿಂದ ತುಂಬಿತ್ತು. ಕೆಲವೇ ವಾರಗಳಲ್ಲಿ ಅದನ್ನು ಅಂತರಜಾಲದಿಂದ ತೆಗೆಯಲಾಯಿತು. ಡಿಸ್ಕ್ ಸಂಪುಟಕ್ಕೂ ಅದನ್ನು ಸೇರಿಸಲಿಲ್ಲ. ದೇಶಗಳನ್ನೇ ಪಾತ್ರಗಳಾಗಿಸಿದ ‘ಹೆತಾಲಿಯಾ’ ಎಂಬ ಪುಟ್ಟ ಕಂತುಗಳ ಹಾಸ್ಯವನ್ನು ದಕ್ಷಿಣ ಕೊರಿಯಾದಿಂದ ವಿರೋಧ ಬಂದ ಬಳಿಕ 2009ರ ಜನವರಿಯಲ್ಲಿ ಕಿರುತೆರೆಯಿಂದ ಕೈಬಿಟ್ಟು ಅಂತರಜಾಲದಲ್ಲಿ ಬಿಡುಗಡೆ ಮಾಡಲಾಯಿತು.

ಅಮೆರಿಕದ ಆವೃತ್ತಿಗಳು

ಭಾರತಕ್ಕೆ ಬಂದ ಅನಿಮೆಗಳಲ್ಲಿ ಹಲವು ಮೊದಲು ಅಮೆರಿಕದಲ್ಲಿ ಪರಿಷ್ಕರಣೆಗೊಂಡು ಬಂದವು. ಆದ್ದರಿಂದ ಅಲ್ಲಿನ ಪದ್ಧತಿಯನ್ನು ತಿಳಿಯುವುದು ಅಗತ್ಯ.

1995ರಲ್ಲಿ ಪ್ರಸಾರವಾದ ‘ಸೇಲರ್ ಮೂನ್’ ಧಾರಾವಾಹಿಯ ಮೊದಲ 46 ಕಂತುಗಳು ಇಂಗ್ಲಿಷಿನಲ್ಲಿ 40 ಆದವು. ಇದರ ಜೊತೆಗೆ ಪ್ರತಿ ಕಂತಿನ ಕೊನೆಗೆ ಮಕ್ಕಳಿಗೆ ಬುದ್ಧಿ ಹೇಳುವ ಸಣ್ಣ ಭಾಗವನ್ನು ಸೇರಿಸಲಾಯಿತು. ನೀತಿಬೋಧೆಗೆ ಬೇಕಾದ ಸಮಯವನ್ನು ಕಥೆಯಿಂದಲೇ ಕಡಿದು ಕೊಡಬೇಕಾಯಿತು. ‘ಡ್ರ್ಯಾಗನ್ ಬಾಲ್ ಜೆಡ್’ನ ಮೊದಲ 67 ಕಂತುಗಳು 53ಕ್ಕೆ ಇಳಿದವು. ಅದರಲ್ಲಿ ಸಾವು ಎಂಬ ಮಾತನ್ನು ತಪ್ಪಿಸಲು ಸತ್ತವರನ್ನು ‘ಬೇರೊಂದು ಲೋಕ’ಕ್ಕೆ ಕಳಿಸಲಾಯಿತು. ನರಕದ ಕಾವಲುಗಾರರ ಅಂಗಿಯ ಮೇಲೆ ಇಂಗ್ಲಿಷಿನಲ್ಲಿ ‘ಹೆಲ್’ ಎಂದು ಬರೆದಿದ್ದ ನಾಲ್ಕು ಅಕ್ಷರಗಳಲ್ಲಿ ನಡುವಿನ ಎರಡನ್ನು ತಿದ್ದಿ ‘ಎಚ್ ಎಫ್ ಐ ಎಲ್’ ಎಂದು ಮಾಡಿ, ಅದಕ್ಕೆ ಸೋಲುಗಾರರ ನಿವಾಸ ಎಂಬರ್ಥ ಬರುವ ವಿಸ್ತರಣೆಯನ್ನೂ ಹೊಂದಿಸಿದರು. ಮೂಲದಲ್ಲಿ ಇಲ್ಲದ ನಗೆಯೊಂದು ಸೆನ್ಸಾರಿನಿಂದಲೇ ಹುಟ್ಟಿತು. ಅಭಿಮಾನಿಗಳು ಇಂದಿಗೂ ಅದನ್ನು ನೆನೆದು ನಗುತ್ತಾರೆ.

‘ಒನ್ ಪೀಸ್’ ಧಾರಾವಾಹಿಯ 2004ರ ಅಮೆರಿಕದ ಆವೃತ್ತಿಯನ್ನು ಫೋರ್‌ಕಿಡ್ಸ್ ಸಂಸ್ಥೆ ಸಿದ್ಧಪಡಿಸಿತು. ಸದಾ ಸಿಗರೇಟು ಸೇದುವ ಬಾಣಸಿಗ ಸಾಂಜಿಯ ಬಾಯಿಗೆ ಲಾಲಿಪಾಪ್ ಬಂದಿತು. ಮೂಲದ 140ಕ್ಕೂ ಹೆಚ್ಚು ಕಂತುಗಳು 104ಕ್ಕೆ ಇಳಿದವು. ಗಂಭೀರವಾಗಿ ಹೊಗೆಬಿಟ್ಟು ಬಳಿಕ ಹೆಂಗಸರನ್ನು ಕಂಡೊಡನೆ ಕರಗಿಹೋಗುವುದು ಸಾಂಜಿಯ ಹಾಸ್ಯದ ಮೂಲ. ಮಿಠಾಯಿ ಚೀಪುವವನಲ್ಲಿ ಆ ಗಾಂಭೀರ್ಯವಿಲ್ಲದುದರಿಂದ ಎರಡನೆಯ ಭಾಗದ ಪತನಕ್ಕೆ ಎತ್ತರವೇ ಇಲ್ಲವಾಯಿತು.

ಮೌನವನ್ನು ತುಂಬಿಸುವುದು ಇನ್ನೊಂದು ಬಗೆಯ ಹಸ್ತಕ್ಷೇಪ. ಇದು ಸೆನ್ಸಾರ್ ಅಲ್ಲವೆಂದು ವಾದಿಸಬಹುದಾದರೂ ಫಲ ಒಂದೇ. ಹಯಾವೊ ಮಿಯಾಜಾಕಿಯವರ ‘ಕಿಕೀಸ್ ಡೆಲಿವರಿ ಸರ್ವಿಸ್’ ಚಿತ್ರದ 1998ರ ಇಂಗ್ಲಿಷ್ ಆವೃತ್ತಿಯಲ್ಲಿ, ಮೂಲದಲ್ಲಿ ಸುಮ್ಮನಿರುವ ಕಡೆಗಳಲ್ಲೂ ಬೆಕ್ಕು ಜಿಜಿಗೆ ಚಟಾಕಿ ಮಾತುಗಳನ್ನು ಕೊಡಲಾಯಿತು, ಹೆಚ್ಚುವರಿ ಸಂಗೀತವನ್ನೂ ಸೇರಿಸಲಾಯಿತು. ನಂತರದ ಮರುಬಿಡುಗಡೆಯಲ್ಲಿ ಇವುಗಳಲ್ಲಿ ಹಲವನ್ನು ತೆಗೆದುಹಾಕಿದರು.

ಭಾರತದ ನಿಯಮಗಳು

ಭಾರತದಲ್ಲಿ ಚಿತ್ರಮಂದಿರದ ಸಿನಿಮಾಕ್ಕೆ ಪ್ರಮಾಣಪತ್ರ ಬೇಕು. ಕಿರುತೆರೆಯ ಧಾರಾವಾಹಿಗೆ ಮುಂಚಿತವಾದ ಪ್ರಮಾಣಪತ್ರದ ವ್ಯವಸ್ಥೆ ಇಲ್ಲ. ಖಾಸಗಿ ವಾಹಿನಿಗಳು 1995ರ ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯ್ದೆ ಮತ್ತು 1994ರ ನಿಯಮಗಳಲ್ಲಿರುವ ಕಾರ್ಯಕ್ರಮ ಸಂಹಿತೆಯನ್ನು ಪಾಲಿಸಬೇಕು. ಸಂಹಿತೆಯ 6ನೆಯ ನಿಯಮವು ಸದಭಿರುಚಿಗೂ ಸಭ್ಯತೆಗೂ ಧಕ್ಕೆ ತರುವ, ಮಕ್ಕಳನ್ನು ಹೀಗಳೆಯುವ ಕಾರ್ಯಕ್ರಮಗಳನ್ನು ನಿಷೇಧಿಸುತ್ತದೆ. ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಭಾಷೆ ಇರಬಾರದು, ಮಕ್ಕಳಿಗೆ ಯೋಗ್ಯವಲ್ಲದ ಕಾರ್ಯಕ್ರಮಗಳನ್ನು ಅವರು ಹೆಚ್ಚಾಗಿ ನೋಡುವ ವೇಳೆಯಲ್ಲಿ ತೋರಿಸಬಾರದು ಎಂದೂ ಹೇಳುತ್ತದೆ. ಸಾರ್ವಜನಿಕ ಹಿತದ ದೃಷ್ಟಿಯಿಂದ ಪ್ರಸಾರವನ್ನು ನಿಷೇಧಿಸುವ ಅಧಿಕಾರ ಕಾಯ್ದೆಯ 20ನೆಯ ಕಲಮಿನಡಿ ಕೇಂದ್ರ ಸರ್ಕಾರಕ್ಕಿದೆ. 2011ರಿಂದ ಮನರಂಜನಾ ವಾಹಿನಿಗಳ ವಿರುದ್ಧದ ದೂರುಗಳನ್ನು ವಾಹಿನಿಗಳೇ ರಚಿಸಿಕೊಂಡ ಬಿಸಿಸಿಸಿ ಎಂಬ ಮಂಡಳಿ ವಿಚಾರಿಸುತ್ತದೆ. ನಿರ್ಬಂಧಿತ ವರ್ಗದ ಕಾರ್ಯಕ್ರಮಗಳಿಗೆ ಅದು ರಾತ್ರಿ 11ರಿಂದ ಬೆಳಗಿನ 5ರವರೆಗಿನ ಅವಧಿಯನ್ನು ಗೊತ್ತುಪಡಿಸಿದೆ.

ಸಂಹಿತೆಯ ಮಾತುಗಳು ವಿಶಾಲವಾಗಿವೆ. ಏನನ್ನು ಕತ್ತರಿಸಬೇಕೆಂದು ಅದು ಹೇಳುವುದಿಲ್ಲ. ನೋಟಿಸು ಬಂದೀತೆಂಬ ಅಂಜಿಕೆಯಲ್ಲಿ ವಾಹಿನಿಯವರು ಅಗತ್ಯಕ್ಕಿಂತ ಹೆಚ್ಚೇ ಕತ್ತರಿಸುವ ಸಂಭವ ಇಲ್ಲಿದೆ.

ನಮ್ಮ ದೇಶದಲ್ಲಿ ಮೊದಲು ಮನೆಮಾತಾದ ಅನಿಮೆ ಎಂದರೆ 1993ರಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದ ‘ಜಂಗಲ್ ಬುಕ್’. ನಿಪ್ಪಾನ್ ಆ್ಯನಿಮೇಶನ್ ತಯಾರಿಸಿದ 52 ಕಂತುಗಳ ಈ ಧಾರಾವಾಹಿಗೆ ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಸಂಗೀತ ನೀಡಿದ ಹಿಂದಿ ಹಾಡು ಮೂಲಕ್ಕಿಂತ ಪ್ರಸಿದ್ಧವಾಯಿತು. ಅದು ಜಪಾನಿನದೆಂದು ನೋಡುಗರಲ್ಲಿ ಹಲವರಿಗೆ ತಿಳಿದೇ ಇರಲಿಲ್ಲ. ವಿವಾದಕ್ಕೆ ಅದರಲ್ಲಿ ಆಸ್ಪದವಿರಲಿಲ್ಲ.

ಶಿನ್-ಚಾನ್ ಪ್ರಕರಣ

ಯೋಶಿತೊ ಉಸುಯಿ (1958–2009) ರಚಿಸಿದ ‘ಕ್ರೇಯಾನ್ ಶಿನ್-ಚಾನ್’ ಚಿತ್ರಕಥೆಯು 1990ರಲ್ಲಿ ವಯಸ್ಕ ಓದುಗರ ವಾರಪತ್ರಿಕೆಯೊಂದರಲ್ಲಿ ಆರಂಭವಾಯಿತು. ಈ ಪ್ರಕರಣವನ್ನು ಅರ್ಥಮಾಡಿಕೊಳ್ಳಲು ಇದೊಂದೇ ಸಂಗತಿ ಅರ್ಧ ದಾರಿ ತೋರಿಸುತ್ತದೆ. ಐದು ವರ್ಷದ ಶಿನ್ನೊಸುಕೆ, ಸಾಲ ಮಾಡಿ ಮನೆ ಕೊಂಡ ಸಂಬಳದಾರ ತಂದೆ ಹಿರೋಶಿ, ರಿಯಾಯಿತಿ ಮಾರಾಟದ ಹಿಂದೆ ಓಡುವ ತಾಯಿ ಮಿಸಾಯೆ ಇದರ ಮುಖ್ಯ ಪಾತ್ರಗಳು. ದೊಡ್ಡವರು ಮುಚ್ಚಿಟ್ಟದ್ದನ್ನು ಮಗು ನಾಲ್ಕು ಜನರೆದುರು ಬಿಚ್ಚಿಡುವುದು ಹಾಸ್ಯದ ತಿರುಳು. ಟಿವಿ ಅಸಾಹಿ ವಾಹಿನಿಯಲ್ಲಿ 1992ರ ಏಪ್ರಿಲ್‌ನಿಂದ ಅನಿಮೆಯಾಗಿ ಬಂದಾಗ ಮಕ್ಕಳೇ ಅದರ ದೊಡ್ಡ ಪ್ರೇಕ್ಷಕರಾದರು. ಮಕ್ಕಳಿಗೆ ತೋರಿಸಲು ಇಷ್ಟವಿಲ್ಲದ ಕಾರ್ಯಕ್ರಮ ಯಾವುದೆಂದು ಜಪಾನಿನ ಪಾಲಕ-ಶಿಕ್ಷಕ ಸಂಘಗಳು ಸಮೀಕ್ಷೆ ನಡೆಸಿದಾಗಲೆಲ್ಲ ಇದರ ಹೆಸರು ಮುಂದೆ ಬರುತ್ತಿತ್ತು. ಕಾಲಕ್ರಮೇಣ ಅಲ್ಲಿಯೂ ಬೆತ್ತಲೆಯ ಹಾಸ್ಯ ಕಡಿಮೆಯಾಯಿತು.

ಭಾರತದಲ್ಲಿ 2006ರಲ್ಲಿ ಹಂಗಾಮಾ ಟಿವಿ ಇದನ್ನು ಆರಂಭಿಸಿತು. ಹಿಂದಿಯಲ್ಲಿ ತಂದೆಗೆ ಹ್ಯಾರಿ, ತಾಯಿಗೆ ಮಿತ್ಸಿ ಎಂಬ ಹೆಸರುಗಳು ಬಂದವು. ತಮಿಳು, ತೆಲುಗು ಧ್ವನಿಗಳೂ ಸಿದ್ಧವಾದವು. ಮಕ್ಕಳು ಶಿನ್-ಚಾನನ ಎಳೆದ ದನಿಯನ್ನು ಅನುಕರಿಸುತ್ತಾರೆ, ಹಿರಿಯರಿಗೆ ಎದುರುತ್ತರ ಕೊಡುತ್ತಾರೆ ಎಂಬ ದೂರುಗಳು ಪಾಲಕರಿಂದ ಬಂದವು. 2008ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕ್ರಮದಿಂದ ಪ್ರಸಾರ ನಿಂತಿತು. 2009ರಲ್ಲಿ ಅದು ಹೆಚ್ಚಿನ ಕಡಿತಗಳೊಡನೆ ಮರಳಿತು.

ಹಿಂಭಾಗ ತೋರಿಸಿ ಕುಣಿಯುವ ಶಿನ್-ಚಾನನ ಪ್ರಸಿದ್ಧ ನೃತ್ಯ, ಯುವತಿಯರ ಹಿಂದೆ ಬೀಳುವ ಮಾತುಗಳು ಮುಖ್ಯವಾಗಿ ಕತ್ತರಿಗೆ ಸಿಕ್ಕವು. ತಂದೆ ಕುಡಿಯುವ ಬಿಯರ್ ಮಾತಿನಲ್ಲಿ ಜ್ಯೂಸ್ ಆಯಿತು. ಚಿತ್ರದಲ್ಲಿ ಮಾತ್ರ ನೊರೆಯುಕ್ಕುವ ಲೋಟವೂ ಕೆಂಪೇರಿದ ಮುಖವೂ ಹಾಗೆಯೇ ಉಳಿದವು. ಹಣ್ಣಿನ ರಸ ಕುಡಿದು ಅಪ್ಪ ಏಕೆ ತೊದಲುತ್ತಾನೆ ಎಂದು ಕೇಳುವ ಮಗುವಿಗೆ ಮನೆಯವರು ಉತ್ತರ ಹುಡುಕಬೇಕಾದ ಸ್ಥಿತಿ ಬಂದಿತು. ಇಂತಹ ಅಸಂಗತಿಯಿಂದ ಹೊಸ ನಗೆ ಹುಟ್ಟಿದರೂ ಅದು ಕಥೆಗಾರನ ನಗೆಯಲ್ಲ.

ಗತಿಯ ದೃಷ್ಟಿಯಿಂದ ನೋಡಿದರೆ ಈ ನೃತ್ಯಕ್ಕೆ ಒಂದು ಸ್ಥಾನವಿತ್ತು. ದೊಡ್ಡವರ ಮಾತು ಮೆಲ್ಲಮೆಲ್ಲನೆ ಗಂಭೀರವಾಗುತ್ತ ಹೋಗಿ, ವಾದ ತುತ್ತತುದಿಗೆ ಬಂದಾಗ ಹುಡುಗ ಅಡ್ಡ ಬಂದು ಕುಣಿದು ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡುತ್ತಿದ್ದ. ಅದನ್ನು ತೆಗೆದಾಗ ವಾದ ಏರಿದ್ದಷ್ಟೇ ಉಳಿಯುತ್ತದೆ, ಇಳಿಯುವುದು ಕಾಣುವುದಿಲ್ಲ. ಮುಂದಿನ ದೃಶ್ಯ ಏಕಾಏಕಿ ಬರುತ್ತದೆ. ಸದ್ದಿನ ಪಟ್ಟಿಯಲ್ಲಿ ಸಂಗೀತ ಅರ್ಧಕ್ಕೆ ತುಂಡಾಗುವುದನ್ನೂ ಗಮನಿಸಬಹುದು. ಇಡೀ ಕಂತು ಬೈಗುಳ ಮತ್ತು ಎದುರುತ್ತರಗಳ ಸರಮಾಲೆಯಂತೆ ಕೇಳಿಸತೊಡಗುತ್ತದೆ. ಮಕ್ಕಳು ಉದ್ಧಟರಾಗುತ್ತಾರೆಂಬ ಕಾರಣಕ್ಕೆ ಕೈಗೊಂಡ ಕಡಿತವು ಉದ್ಧಟತನದ ಪಾಲನ್ನೇ ಹೆಚ್ಚಿಸಿದಂತಾಯಿತು.

ತಾಯಿ ಕೊಡುವ ಗುದ್ದಿನ ವಿಷಯದಲ್ಲೂ ಇದೇ ತರ್ಕ ಅನ್ವಯಿಸುತ್ತದೆ. ಹುಡುಗನ ತಲೆಯ ಮೇಲೆ ಏಳುವ ಬುಗುಟು ಕಥೆಯ ಮುಕ್ತಾಯ. ಮಾನ್‌ಜಾಯ್‌ನ ತ್ಸುಕ್ಕೊಮಿ ಕೊಡುವ ಏಟಿಗೆ ಅದು ಸಮಾನ. ಹೊಡೆತವನ್ನು ಮಕ್ಕಳಿಗೆ ತೋರಿಸಬಾರದೆಂಬ ಆಕ್ಷೇಪ ನ್ಯಾಯವಾದುದೇ, ಮನೆಯಲ್ಲಿ ಮಗುವನ್ನು ಹೊಡೆಯುವುದನ್ನು ಇಂದು ಯಾರೂ ಹಾಸ್ಯವೆನ್ನಲಾರರು. ಆದರೆ ಎಲ್ಲಿ ಅದು ಕಡಿತಗೊಳ್ಳುತ್ತದೆಯೋ ಅಲ್ಲಿ ಹುಡುಗನ ತುಂಟತನಕ್ಕೆ ಪ್ರತಿಫಲವೇ ಇಲ್ಲದಂತೆ ಕಾಣುತ್ತದೆ. ಕತ್ತರಿಸುವವರು ಒಂದೊಂದು ದೃಶ್ಯವನ್ನು ಬಿಡಿಬಿಡಿಯಾಗಿ ನೋಡುತ್ತಾರೆ, ಮಕ್ಕಳು ಮಾತ್ರ ಕಥೆಯನ್ನು ಇಡಿಯಾಗಿ ನೋಡುತ್ತಾರೆ.

ಪಾಲಕರ ಆತಂಕವನ್ನು ಹಗುರವಾಗಿ ಕಾಣಲಾಗದು. ಎಳೆಯ ಮಕ್ಕಳು ಕಂಡದ್ದನ್ನು ಆಡಿ ತೋರಿಸುವುದು ಯಾವ ಶಿಕ್ಷಕರಿಗೂ ಹೊಸ ಸಂಗತಿಯಲ್ಲ. ವಯಸ್ಕರಿಗಾಗಿ ಹುಟ್ಟಿದ ಹಾಸ್ಯವನ್ನು ಮಕ್ಕಳ ವಾಹಿನಿಯಲ್ಲಿ ಹಗಲಿಡೀ ತೋರಿಸಿದ್ದು ಮೂಲ ತೊಡಕು. ವೇಳೆ ಬದಲಿಸಿ ಪರಿಹರಿಸಬಹುದಾಗಿದ್ದ ಅದನ್ನು ಕತ್ತರಿಯಿಂದ ಪರಿಹರಿಸಲು ಹೊರಟಾಗ ಹಾಸ್ಯವೂ ಕೆಟ್ಟಿತು, ದೂರುಗಳೂ ಪೂರ್ತಿ ನಿಲ್ಲಲಿಲ್ಲ.

ಕನ್ನಡ ಪ್ರೇಕ್ಷಕರು ಮತ್ತು ಡಬ್ಬಿಂಗ್

ಕರ್ನಾಟಕದಲ್ಲಿ ಈ ವಿಷಯವನ್ನು ಡಬ್ಬಿಂಗ್ ವಿರೋಧದ ಇತಿಹಾಸದಿಂದ ಬೇರ್ಪಡಿಸಲಾಗದು. 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದವರ ಕನ್ನಡ ಚಳವಳಿಯ ಕಾಲದಲ್ಲಿ, ರಾಜ್‌ಕುಮಾರ್ ಮುಂತಾದ ಕಲಾವಿದರ ಬೆಂಬಲದೊಡನೆ, ಅನ್ಯಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ನಿಲುವು ನೆಲೆಗೊಂಡಿತು. ಆಗಿನ್ನೂ ಚಿಕ್ಕದಾಗಿದ್ದ ಕನ್ನಡ ಚಿತ್ರರಂಗ ಬದುಕಿ ಬೆಳೆಯಲು ಅದು ನೆರವಾಯಿತೆಂಬುದರಲ್ಲಿ ಸಂಶಯವಿಲ್ಲ. ಕಾನೂನಿನ ಬೆಂಬಲವಿಲ್ಲದಿದ್ದರೂ ಈ ಕಟ್ಟುಪಾಡು ದಶಕಗಳ ಕಾಲ ನಡೆದು ಕಿರುತೆರೆಗೂ ಹಬ್ಬಿತು. 2012ರಲ್ಲಿ ‘ಸತ್ಯಮೇವ ಜಯತೆ’ ಕಾರ್ಯಕ್ರಮ ಹಲವು ಭಾರತೀಯ ಭಾಷೆಗಳಲ್ಲಿ ಬಂದಾಗಲೂ ವಿರೋಧದ ಕಾರಣ ಕನ್ನಡದಲ್ಲಿ ಬರಲಿಲ್ಲ. ಗ್ರಾಹಕರ ಪರವಾಗಿ ಸಲ್ಲಿಕೆಯಾದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ಈ ತಡೆಯನ್ನು ಕಾನೂನುಬಾಹಿರವೆಂದು ಸಾರಿ ದಂಡ ವಿಧಿಸಿತು. 2020ರಲ್ಲಿ ‘ಮಹಾಭಾರತ’ ಧಾರಾವಾಹಿ ಕನ್ನಡ ಧ್ವನಿಯಲ್ಲಿ ಬಂದ ಮೇಲೆ ಕಿರುತೆರೆಯಲ್ಲಿ ಡಬ್ಬಿಂಗ್ ಸಾಮಾನ್ಯವಾಯಿತು.

ಮಕ್ಕಳ ವಾಹಿನಿ ಇದಕ್ಕೆ ಮೊದಲೇ ಒಂದು ಅಪವಾದವಾಗಿತ್ತು. ಸನ್ ಸಮೂಹವು 2009ರಲ್ಲಿ ಆರಂಭಿಸಿದ ಚಿಂಟು ಟಿವಿ ಹೊರಗಿನ ಕಾರ್ಟೂನುಗಳನ್ನು ಕನ್ನಡ ಮಾತುಗಳೊಡನೆ ತೋರಿಸಿತು. ಹಂಗಾಮಾದಲ್ಲಿ ಶಿನ್-ಚಾನ್ ನೋಡುವವರಿಗೆ ಆಗ ಇದ್ದದ್ದು ಹಿಂದಿ, ತಮಿಳು, ತೆಲುಗು ಮಾತ್ರ.

ಶಿನ್-ಚಾನನ ಮಾತಿನ ಹಾಸ್ಯ ಬಹಳ ಸೂಕ್ಷ್ಮವಾದುದು. ಜಪಾನಿನಲ್ಲಿ ಮನೆಗೆ ಮರಳಿದವರು ‘ತದಾಯಿಮಾ’, ಅಂದರೆ ಬಂದೆ, ಎನ್ನಬೇಕು. ಒಳಗಿದ್ದವರು ‘ಒಕಾಯೆರಿ’, ಅಂದರೆ ಬಂದೆಯಾ, ಎಂದು ಸ್ವಾಗತಿಸಬೇಕು. ಶಿನ್-ಚಾನ್ ಹೊರಗಿನಿಂದ ಬಂದು ತಾನೇ ‘ಒಕಾಯೆರಿ’ ಎನ್ನುತ್ತಾನೆ. ತಾಯಿ ಪ್ರತಿಸಲವೂ ತಿದ್ದುತ್ತಾಳೆ. ಕನ್ನಡದಲ್ಲಿ ಇದನ್ನು ತರುವುದು ಕಷ್ಟವೇನಲ್ಲ. ಶಾಲೆಯಿಂದ ಬಂದ ಹುಡುಗ ಜಗಲಿಯಲ್ಲಿ ಚೀಲ ಒಗೆದು ‘ಬಂದ್ಯಾ?’ ಎಂದು ತಾಯಿಯನ್ನೇ ಕೇಳಿದರೆ ನಮ್ಮ ಮನೆಗಳಲ್ಲೂ ನಗೆ ಏಳುತ್ತದೆ. ಹಿಂದಿಯನ್ನು ಅರೆಬರೆ ಬಲ್ಲ ಮಗುವಿಗೆ ಇಂತಹ ಮಾತಿನ ಮೊನೆ ತಾಗುವುದು ಕಡಿಮೆ. ಅಂಥ ಮಗುವಿಗೆ ದಕ್ಕುತ್ತಿದ್ದುದು ಕುಣಿತ, ಮುಖಭಾವ, ಬೀಳುವುದು, ಏಳುವುದು, ಅಂದರೆ ಭಾಷೆಯ ಹಂಗಿಲ್ಲದ ಹಾಸ್ಯ. ಪರಿಷ್ಕರಣೆಯ ಕತ್ತರಿ ಬಿದ್ದದ್ದು ಸರಿಯಾಗಿ ಅದರ ಮೇಲೆಯೇ. ಡಬ್ಬಿಂಗ್ ತಡೆಯಿಂದ ಮಾತಿನ ಹಾಸ್ಯವೂ ಪ್ರಸಾರ ನಿಯಂತ್ರಣದಿಂದ ಆಂಗಿಕ ಹಾಸ್ಯವೂ ಕನ್ನಡದ ಮಗುವಿನ ಪಾಲಿಗೆ ಕುಗ್ಗಿದವು. ಪಾಲಕರ ಕಡೆಯಿಂದ ನೋಡಿದರೂ ಇದರಲ್ಲಿ ಲಾಭ ಕಾಣದು: ಪರದೆಯ ಮೇಲಿನ ಹುಡುಗ ಏನು ಹೇಳುತ್ತಿದ್ದಾನೆಂದು ತಿಳಿಯದ ಅಜ್ಜ-ಅಜ್ಜಿಯರು ಮೊಮ್ಮಗನೊಡನೆ ಕುಳಿತು ಇದು ಸರಿ, ಇದು ತಪ್ಪು ಎಂದು ಹೇಳುವ ಅವಕಾಶವನ್ನೂ ಕಳೆದುಕೊಂಡರು. ಮನೆಯೊಳಗಿನ ಈ ತಿದ್ದುವಿಕೆ ಯಾವ ಸಂಹಿತೆಗಿಂತಲೂ ಹೆಚ್ಚು ನಾಜೂಕಾಗಿ ಕೆಲಸ ಮಾಡಬಲ್ಲದಾಗಿತ್ತು.

ನೆರೆಯ ದೇಶಗಳಲ್ಲಿ

ಬಾಂಗ್ಲಾದೇಶವು 2013ರ ಫೆಬ್ರವರಿಯಲ್ಲಿ ಹಿಂದಿ ಧ್ವನಿಯ ‘ಡೊರೇಮಾನ್’ ಪ್ರಸಾರವನ್ನು ತಡೆಯಿತು. ಅಲ್ಲಿನ ಆಕ್ಷೇಪ ದೃಶ್ಯಗಳ ಬಗ್ಗೆ ಇರಲಿಲ್ಲ. ಮಕ್ಕಳು ಬಂಗಾಳಿಯ ಬದಲು ಹಿಂದಿ ಆಡತೊಡಗಿದ್ದಾರೆಂಬುದು ಕಾರಣವಾಗಿತ್ತು. ಇಂಡೊನೇಷ್ಯಾದ ಪ್ರಸಾರ ಆಯೋಗ 2014ರಲ್ಲಿ ಶಿನ್-ಚಾನ್ ಬಗ್ಗೆ ಎಚ್ಚರಿಕೆ ನೀಡಿತು. ಒಂದೇ ಧಾರಾವಾಹಿಯಲ್ಲಿ ಒಂದೊಂದು ದೇಶ ಒಂದೊಂದು ಬಗೆಯ ಅಪಾಯವನ್ನು ಕಂಡಿತು.

ಅಂತರಜಾಲ ವೇದಿಕೆಗಳ ನಂತರ

2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅಂತರಜಾಲದ ವೇದಿಕೆಗಳಲ್ಲಿ ಕಾರ್ಯಕ್ರಮಗಳನ್ನು ವಯಸ್ಸಿಗನುಗುಣವಾಗಿ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ಐದು ವರ್ಗಗಳಲ್ಲಿ ಗುರುತಿಸಬೇಕೆಂದು ವಿಧಿಸಿವೆ. ಇಲ್ಲಿ ಕತ್ತರಿಗಿಂತ ಸೂಚನಾ ಫಲಕಕ್ಕೆ ಪ್ರಾಮುಖ್ಯ. ಪ್ರಸಾರದ ಗಡಿಯಾರವೂ ಇಲ್ಲದುದರಿಂದ ಕಂತು 22 ನಿಮಿಷವಾಗಲಿ 26 ನಿಮಿಷವಾಗಲಿ ಅಡ್ಡಿಯಿಲ್ಲ. ಜಪಾನಿನ ತಡರಾತ್ರಿಯ ಅನಿಮೆಗಳು ಪ್ರಸಾರದಲ್ಲಿ ಹಬೆ, ಬೆಳಕಿನ ಪಟ್ಟಿ, ಕರಿ ಮಚ್ಚೆಗಳಿಂದ ಮುಚ್ಚಿ ತೋರಿಸಿದ್ದನ್ನು ಡಿಸ್ಕ್‌ನಲ್ಲಿ ತೆರೆದು ಮಾರುವ ರೂಢಿಯನ್ನು ಬಹುಕಾಲದಿಂದ ಇಟ್ಟುಕೊಂಡಿವೆ. ಈಗ ಒಂದೇ ಕೃತಿಯ ಎರಡು ಪಾಠಗಳು ಒಂದೇ ವಾರದಲ್ಲಿ ಎರಡು ವೇದಿಕೆಗಳಲ್ಲಿ ಕಾಣಸಿಗುವುದೂ ಉಂಟು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಕತ್ತರಿಸಿದ ಜಾಗಗಳು ಮಾತ್ರವಲ್ಲ, ಕತ್ತರಿಸಿದ ಜಾಗದ ಆಚೀಚೆ ಉಳಿದ ದೃಶ್ಯಗಳು ಹೇಗೆ ಬಣ್ಣಗೆಡುತ್ತವೆ ಎಂಬುದೂ ಗೊತ್ತಾಗುತ್ತದೆ. ಮಕ್ಕಳ ವಾಹಿನಿಗಳಲ್ಲಿ ಹಳೆಯ ಪರಿಷ್ಕೃತ ಕಂತುಗಳ ಮರುಪ್ರಸಾರ ಇಂದಿಗೂ ನಡೆದಿದೆ.